ಗಾಳಿಯ ಲೆಕ್ಕ

ಮೋಟಾರು ವಾಹನಗಳನ್ನು ಕುರಿತು ಬರೆಯುವ ಅಧಿಕಾರ ನನಗೆ ಲೇಶವೂ ಇಲ್ಲ. ಮೂವತ್ತನಾಲ್ಕು ವರ್ಷಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು ನಾನು. ರಥದ ಅಂಗಗಳ ಹೆಸರುಗಳನ್ನೇನೋ ಬಾಲ್ಯದಲ್ಲಿಯೇ ಅಮರಕೋಶದಿಂದ ಬಾಯಿಪಾಠ ಮಾಡಿದ್ದೆನು: ಚಕ್ರ, ನೇಮಿ, ನಾಭಿ, ಅಣಿ. ಆದರೆ ನೇಮಿಯ ಸುತ್ತಲೂ ಗಾಳಿ ತುಂಬಿದ ರಬ್ಬರನ್ನು ತೊಡಿಸುವ ಉಪಾಯ ಅಮರಸಿಂಹನ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದುದರಿಂದ ಆ ವಿಷಯದಲ್ಲಿ ನಾನು ನಿರಕ್ಷರಕುಕ್ಷಿಯಾಗಿಯೇ ಉಳಿದಿದ್ದೆನು. ನನಗೆ ಅದರ ಅಕ್ಷರಾಭ್ಯಾಸವಾದದ್ದು ಅರುವತ್ತನೆಯ ವಯಸ್ಸಿನಲ್ಲಿ, ನಂಜನಗೂಡಿನ ಹೆದ್ದಾರಿಯ ಪಕ್ಕದ ಒಂದು ಪಂಕ್ಚರ್ ಅಂಗಡಿಯ ಮುಂದೆ. ಗುರುವು ಯಾರೆಂಬುದನ್ನು ಮುಂದೆ ಹೇಳುವೆನು.

ನನ್ನ ಮಗನು ಬೆಂಗಳೂರಿನಲ್ಲಿ ಇಂಜಿನಿಯರು. ಅವನಿಗೆ ಚಿಕ್ಕಂದಿನಿಂದಲೂ ಮೋಟಾರಿನ ಹುಚ್ಚು. ಶಬ್ದಮಂಜರಿಯ ಅಂಚುಗಳಲ್ಲೆಲ್ಲ ಕಾರಿನ ಚಿತ್ರಗಳನ್ನು ಬರೆಯುತ್ತಿದ್ದನು. ಎರಡು ವರ್ಷಗಳ ಹಿಂದೆ ಅವನು ಇನ್ನೊಬ್ಬರು ಇಟ್ಟು ಬಳಸಿದ ಜರ್ಮನಿಯ ಪೋರ್ಷೆ 911 ಎಂಬ ಕಾರನ್ನು ಸಾಲಮಾಡಿ ಕೊಂಡನು. ಅದರ ಬೆಲೆಯನ್ನು ಇಲ್ಲಿ ಬರೆಯಲಾರೆ. ನಾನು ಸೇವೆಯಲ್ಲಿ ಪಡೆದ ಸಂಬಳವನ್ನೆಲ್ಲ ಕೂಡಿಸಿ ನೋಡಿ, ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟೆನು. ಈ ಜಾತಿಯ ಕಾರು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901 ಎಂದಿತ್ತಂತೆ. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತಮ್ಮ ಸ್ವತ್ತೆಂದು ಫ್ರಾನ್ಸಿನ ಪ್ಯೂಜೋ ಕಂಪೆನಿಯವರು ಆಕ್ಷೇಪಿಸಿದ್ದರಿಂದ, 1964ರಲ್ಲಿ ಸೊನ್ನೆಯ ಸ್ಥಾನಕ್ಕೆ ಒಂದು ಎಂಬ ಅಂಕಿ ಬಂದು 911 ಆಯಿತು. ವ್ಯಾಕರಣದ ‘ಆದೇಶ’ವನ್ನು ಮಕ್ಕಳಿಗೆ ತಿಳಿಸಲು ಇಷ್ಟು ಒಳ್ಳೆಯ ಉದಾಹರಣೆ ಸೇವೆಯಲ್ಲಿದ್ದಾಗಲೇ ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು.

ಈ ಕಾರಿನ ಇಂಜಿನು ಇರುವುದು ಮುಂಭಾಗದಲ್ಲಲ್ಲ. ಹಿಂದಿನ ಚಕ್ರಗಳಿಗೂ ಹಿಂದೆ. ಹೊರೆಯನ್ನು ಸೊಂಟದ ಕೆಳಗೆ ಕಟ್ಟಿಕೊಂಡು ಓಡುವವನಂತೆ ಅದರ ಭಾರವೆಲ್ಲ ಹಿಂದಕ್ಕೆ. ಆದುದರಿಂದ ಹಿಂದಿನ ಟೈರುಗಳು ಮುಂದಿನವುಗಳಿಗಿಂತ ಅಗಲ. ಅವುಗಳಿಗೆ ತುಂಬುವ ಗಾಳಿಯೂ ಹೆಚ್ಚು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಾರು ಬಂದ ಆರು ತಿಂಗಳಿಗೆ ಮಗನು ದೂರವಾಣಿಯಲ್ಲಿ, “ಅಪ್ಪ, ಕಾರನ್ನು ತಗ್ಗಿಸಿದ್ದೇನೆ” ಎಂದನು. ಬೆಲೆಯನ್ನು ತಗ್ಗಿಸಿ ಮಾರಿಬಿಟ್ಟನೆಂದು ತಿಳಿದು ನನಗೆ ಸಂತೋಷವಾಯಿತು. ವಿಷಯ ಹಾಗಿರಲಿಲ್ಲ. ಕಾರಿನ ಮೂಲದ ಸ್ಪ್ರಿಂಗುಗಳನ್ನು ತೆಗೆದು ಅವುಗಳಿಗಿಂತ ಗಿಡ್ಡವೂ ಗಡುಸೂ ಆದ ಬೇರೆ ಸ್ಪ್ರಿಂಗುಗಳನ್ನು ಹಾಕಿಸಿದ್ದನು. ಕಾರಿನ ಒಡಲು ಒಂದೂಕಾಲು ಅಂಗುಲ ನೆಲಕ್ಕೆ ಹತ್ತಿರವಾಗಿತ್ತು. ಇದರಿಂದ ಭಾರದ ಕೇಂದ್ರ ಕೆಳಕ್ಕಿಳಿದು, ತಿರುವುಗಳಲ್ಲಿ ಗಾಡಿ ಪಕ್ಕಕ್ಕೆ ವಾಲುವುದು ಕಡಿಮೆಯಾಗುವುದಂತೆ. ಇದು ಶಾಸ್ತ್ರದ ಕಾರಣ. ನಿಜವಾದ ಕಾರಣ ಬೇರೆ: ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಣ ಸಂದು ಕಿರಿದಾಗಿ, ಕಾರು ನೆಗೆಯಲು ಹೊಂಚಿ ಕುಳಿತ ಹುಲಿಯಂತೆ ಕಾಣುವುದು. “ಗಾಡಿ ತಗ್ಗಿದ್ದು ಸಂತೋಷ; ಗಾಡಿಯವನೂ ತಗ್ಗಿದರೆ ಇನ್ನೂ ಸಂತೋಷ” ಎಂದೆನು. ಅವನು ನಕ್ಕನು. ಆ ದಿನ ಅದು ಬರಿಯ ಹಾಸ್ಯವಾಗಿತ್ತು.

ಯುಗಾದಿಗೆ ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಮೂವರೂ ಅದೇ ಕಾರಿನಲ್ಲಿ ಬಂದರು. ಮಕ್ಕಳಿಗಲ್ಲದೆ ಇತರರಿಗೆ ಒಗ್ಗದ ಎರಡು ಪುಟ್ಟ ಆಸನಗಳು ಅದರ ಹಿಂಭಾಗದಲ್ಲಿವೆ. ಮಗು ಅಲ್ಲಿ ಕುಳಿತಿತ್ತು. ನಮ್ಮ ಬೀದಿಯ ತುದಿಯಲ್ಲಿ ಒಂದು ರೋಡ್ ಹಂಪ್ ಇದೆ. ಇಂಥ ಉಬ್ಬು ಹತ್ತು ಸೆಂಟಿಮೀಟರು ಎತ್ತರವಿದ್ದು 3.7 ಮೀಟರು ಅಗಲಕ್ಕೆ ಮೆಲ್ಲನೆ ಏರಿ ಇಳಿಯಬೇಕೆಂದು ಭಾರತೀಯ ರಸ್ತೆಗಳ ಕಾಂಗ್ರೆಸ್ಸಿನ ನಿಯಮ. ನಮ್ಮ ಬೀದಿಯದು ಗದ್ದೆಯ ಬದುವಿನಂತೆ ಗಿಡ್ಡಗೋಡೆ. ಕಾರು ಅದನ್ನು ಓರೆಯಾಗಿ, ಒಂದೊಂದೇ ಚಕ್ರವಾಗಿ ಹತ್ತಿದರೂ ಹೊಟ್ಟೆ ಉಜ್ಜಿ ಕರ್ರೆಂದಿತು. ಬೀದಿಯ ಮಕ್ಕಳೆಲ್ಲ ಸೇರಿ ‘ಹೋ’ ಎಂದರು. ಮಗನ ಮುಖ ಹುಳಿಯುಂಡವನ ಮುಖವಾಯಿತು.

ಮರುದಿನ ನಂಜುಂಡೇಶ್ವರನ ದರ್ಶನಕ್ಕೆ ನನ್ನನ್ನು ಅದರಲ್ಲಿಯೇ ಕರೆದುಕೊಂಡು ಹೋದನು. ಒಳಗೆ ಕೂರುವುದು ಬಾವಿಗೆ ಇಳಿದಂತೆ. ಹೊರಗೆ ಬರಲು ಇಬ್ಬರು ಕೈಕೊಡಬೇಕಾಯಿತು. ದಾರಿಯ ಒಂದೊಂದು ಕಲ್ಲನ್ನೂ ನನ್ನ ಬೆನ್ನುಮೂಳೆ ಎಣಿಸಿತು. ಅದನ್ನು ಹೇಳಿದಾಗ ಮಗನು, “ಈಗ ಎಷ್ಟೋ ವಾಸಿ ಅಪ್ಪ. ಸ್ಪ್ರಿಂಗು ಹಾಕಿಸಿದ ಹೊಸದರಲ್ಲಿ ಇನ್ನೂ ಕುಲುಕುತ್ತಿತ್ತು. ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಮೆತ್ತಗಾಗುತ್ತದೆ ಎಂದು ಗ್ಯಾರೇಜಿನವರು ಹೇಳಿದರು; ಇಳಿಸಿದೆ” ಎಂದನು. ಗ್ಯಾರೇಜಿನವರು ಹೇಳಿದರೆಂದ ಮೇಲೆ ನನ್ನದೇನು ಮಾತು?

ಭಾನುವಾರ ಮಧ್ಯಾಹ್ನ ಅವರು ಹೊರಟರು. ಹೊರಡುವಾಗ ಸೊಸೆಯು, “ಬರುವಾಗ ಹಿಂದಿನಿಂದ ಏನೋ ಗುಂಯ್ ಎನ್ನುತ್ತಿತ್ತು ಮಾವ, ಇವರು ಕೇಳುವುದಿಲ್ಲ” ಎಂದಳು. ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಒಮ್ಮೆ ತೋರಿಸೋಣವೆಂದು ನಾನು ಹಟ ಹಿಡಿದೆನು. ಇಂಥ ಕಾರನ್ನು ಬೀದಿಬದಿಯ ಅಂಗಡಿಯವನ ಕೈಗೆ ಕೊಡುವುದೇ ಎಂದು ಮಗನು ಗೊಣಗಿದನು. ಆದರೂ, ಹಬ್ಬದ ದಿನಗಳಾದ್ದರಿಂದ ತಂದೆಯ ಮಾತನ್ನು ಮೀರದೆ ಬಂದನು.

ಆ ಅಂಗಡಿಯವನು ನನ್ನ ಹಳೆಯ ಶಿಷ್ಯ. ದಿನವೂ ಸಂಜೆ ಅವನ ಅಂಗಡಿಯ ಮುಂದೆಯೇ ನಾನು ನಡೆದುಹೋಗುತ್ತೇನೆ. ಅವನು ಕೈಮುಗಿಯುತ್ತಾನೆ, ನಾನು ತಲೆಯಾಡಿಸುತ್ತೇನೆ. ನಿಂತು ಮಾತನಾಡಿದ್ದು ಮಾತ್ರ ಕಡಮೆ. ಅದಕ್ಕೆ ಕಾರಣ ನನ್ನಲ್ಲಿತ್ತು, ಅವನಲ್ಲಿರಲಿಲ್ಲ.

ಅವನು ಕಾರನ್ನು ಬೆರಗಿನಿಂದ ನೋಡಲಿಲ್ಲ. ಬಾಗಿಲನ್ನು ತೆರೆಸಿ, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಓದಿದನು: ಮುಂದೆ 33, ಹಿಂದೆ 39. ಚದರ ಅಂಗುಲಕ್ಕೆ ಇಷ್ಟು ಪೌಂಡು ಒತ್ತಡವೆಂದು ಅದರ ಅರ್ಥ. ಮಾಪಕವನ್ನು ಒತ್ತಿ ನೋಡಿದನು: ಮುಂದೆ 27, ಹಿಂದೆ 28. ಅವನು ಗಾಳಿ ಹಾಕಲಿಲ್ಲ. ಗೋಣಿಚೀಲವೊಂದನ್ನು ಹಾಸಿಕೊಂಡು ಮಲಗಿ, ಹಿಂದಿನ ಚಕ್ರದ ಒಳಮಗ್ಗುಲಿಗೆ ಕೈಹಾಕಿ ತಡವಿದನು. ಕೈಯನ್ನು ಹೊರಕ್ಕೆ ತೆಗೆದಾಗ ಬೆರಳಿನ ತುದಿಯಲ್ಲಿ ರಕ್ತದ ಒಂದು ಹನಿ ಇತ್ತು. “ಮೇಷ್ಟ್ರೇ, ನೀವೂ ಒಂದು ಸಲ ಬಗ್ಗಿ ನೋಡಿ. ಮೆಲ್ಲಗೆ, ತಂತಿ ಚುಚ್ಚುತ್ತೆ” ಎಂದನು.

ಪಂಚೆಯನ್ನು ಎತ್ತಿಕಟ್ಟಿ ನಾನು ಮಣ್ಣಿನಲ್ಲಿ ಮಂಡಿಯೂರಿದೆನು. ಟೈರಿನ ಹೊರಮಗ್ಗುಲು ಹೊಸದರಂತೆ ಆಳವಾದ ಗೀರುಗಳಿಂದ ಕೂಡಿ ಗಟ್ಟಿಯಾಗಿತ್ತು. ಒಳಮಗ್ಗುಲು ಸ್ಲೇಟಿನಂತೆ ನುಣುಪು; ಇನ್ನೂ ಒಳಗೆ, ರಬ್ಬರು ಸವೆದು, ಉಕ್ಕಿನ ಎಳೆಗಳು ಹರಿದ ಸೀರೆಯ ನೂಲಿನಂತೆ ಹೊರಕ್ಕೆ ಚಾಚಿದ್ದವು. ನಿಂತು ನೋಡುವವರಿಗೆ ಇದು ಯಾವುದೂ ಕಾಣುವಂತಿರಲಿಲ್ಲ.

ಅವನು ಹೇಳಿದ ಕಾರಣ ಹೀಗೆ. ಕಾರಿನ ಒಡಲನ್ನು ತಗ್ಗಿಸಿದರೆ ಚಕ್ರಗಳ ತಲೆ ಒಳಕ್ಕೆ ವಾಲುವುದು. ಕಾಲನ್ನು ಒಂದೇ ಕಡೆಗೆ ಒತ್ತಿ ನಡೆಯುವವನ ಚಪ್ಪಲಿ ಒಂದೇ ಅಂಚಿನಲ್ಲಿ ಸವೆಯುವಂತೆ, ಟೈರು ಒಳ ಅಂಚಿನಲ್ಲಿ ಸವೆಯುವುದು. ಸ್ಪ್ರಿಂಗು ಬದಲಾಯಿಸಿದೊಡನೆ ಚಕ್ರಗಳ ಓರೆಯನ್ನೂ ನೇರವನ್ನೂ ಅಳೆದು ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಆಗಬೇಕು, ಇದಕ್ಕೆ ಆಗಿರಲಿಲ್ಲ. ಇದರ ಮೇಲೆ ಗಾಳಿಯನ್ನೂ ಇಳಿಸಿದ್ದರಿಂದ ಟೈರಿನ ನಡುಭಾಗ ಹೊರಬೇಕಾದ ಹೊರೆ ಅಂಚುಗಳ ಮೇಲೆ ಬಿದ್ದಿತ್ತು. ಗಾಳಿ ಕಡಮೆಯಾದ ಟೈರಿನ ಪಕ್ಕಗಳು ಪ್ರತಿಯೊಂದು ಸುತ್ತಿನಲ್ಲಿಯೂ ಮಡಿಸಿ ಬಿಚ್ಚುವುವು. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಇಂಥ ಚಕ್ರ ನಿಮಿಷಕ್ಕೆ ಸುಮಾರು ಎಂಟುನೂರು ಸಲ ಸುತ್ತುವುದು. ಕಬ್ಬಿಣದ ತಂತಿಯನ್ನು ಹಿಂದುಮುಂದಾಗಿ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗಿ ಮುರಿಯುವುದಲ್ಲವೆ? ಟೈರೂ ಹಾಗೆಯೇ ಒಳಗೇ ಕಾದು, ಕೊನೆಗೆ ಸಿಡಿಯುವುದು.

ಬೀದಿಯ ಹಂಪಿನ ಮೇಲೆ ಕಂಡ ಉಜ್ಜುಗಾಯಕ್ಕೆ ನಾವೆಲ್ಲ ಮರುಗಿದ್ದೆವು; ಅದು ಬಣ್ಣದ ಗಾಯ. ಇದು ಪ್ರಾಣದ್ದು.

ಮಗನು ಒಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಇರಲೇಬೇಕು. 39 ಪೌಂಡು ಗಾಳಿ ಹಾಕಿಕೊಡು, ನಿಧಾನವಾಗಿ ಹೋಗುತ್ತೇನೆ, ಬೆಂಗಳೂರಿನಲ್ಲಿ ಹೊಸ ಟೈರು ಹಾಕಿಸುತ್ತೇನೆ ಎಂದನು. ಮೈಸೂರು–ಬೆಂಗಳೂರು ಹೆದ್ದಾರಿ 2023ರಲ್ಲಿ ಹೊಸದಾಗಿ ತೆರೆದ ಮೇಲೆ ಆ ದಾರಿಯಲ್ಲಿ ನಿಧಾನವಾಗಿ ಹೋಗುವೆನೆಂಬುದು ಉಪವಾಸದ ದಿನ ಅಡಿಗೆಮನೆಯಲ್ಲಿ ಕೂರುವೆನೆಂಬ ಪ್ರತಿಜ್ಞೆಯಂತೆ. ಇಂಥ ಅನೇಕ ಕಾರುಗಳಂತೆ ಇದರಲ್ಲಿಯೂ ಬದಲಿಗೆ ಐದನೆಯ ಚಕ್ರವಿರಲಿಲ್ಲ; ತೂತನ್ನು ಮುಚ್ಚುವ ದ್ರವದ ಒಂದು ಸೀಸೆಯೂ ಪುಟ್ಟ ಪಂಪೂ ಮಾತ್ರ ಇದ್ದವು. ಸಿಡಿದ ಟೈರಿಗೆ ಸೀಸೆಯಿಂದೇನಾಗುವುದು?

ಶಿಷ್ಯನು ಪಂಪಿನ ಕೊಳವೆಯನ್ನು ಸುತ್ತಿ ಮೊಳೆಗೆ ತಗುಲಿಹಾಕಿದನು. “ನಾನು ಗಾಳಿ ಹಾಕುವುದಿಲ್ಲ ಸಾರ್. ಹಾಕಿದರೆ ನೀವು ಹೋಗುತ್ತೀರಿ. ಹಿಂದೆ ಮಗು ಕೂತಿದೆ” ಎಂದನು. ಇಪ್ಪತ್ತು ರೂಪಾಯಿಯ ಸಂಪಾದನೆಯನ್ನು ಬೇಡವೆಂದ ಅವನ ಮುಖದಲ್ಲಿ ಕೋಪವೂ ಇರಲಿಲ್ಲ, ವಿನಯವೂ ಇರಲಿಲ್ಲ, ವೈದ್ಯನ ಮುಖದಂತಿತ್ತು. ಮಗನು ನನ್ನ ಕಡೆಗೆ ನೋಡಿದನು. “ರೈಲಿನಲ್ಲಿ ಹೋಗಿ” ಎಂದೆನು. ಅವನು ನನ್ನೊಡನೆ ಮಾತನಾಡದೆ ಪೆಟ್ಟಿಗೆಗಳನ್ನು ಇಳಿಸಿದನು. ಸಂಜೆಯ ಗಾಡಿಯಲ್ಲಿ ಮೂವರೂ ಮೈಸೂರಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೊರಟರು. ಕಿಟಕಿಯ ಬಳಿ ಸ್ಥಳ ಸಿಕ್ಕಿದ್ದರಿಂದ ಮೊಮ್ಮಗಳೊಬ್ಬಳೇ ಸಂತೋಷವಾಗಿದ್ದಳು. ಹುಲಿಯಂಥ ಕಾರು ಪಂಕ್ಚರ್ ಅಂಗಡಿಯ ಪಕ್ಕದ ಹುಣಸೆಮರದ ಕೆಳಗೆ ನಿಂತಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಗುವನ್ನು ನೆನೆದಷ್ಟೇ ಆ ಶಿಷ್ಯನನ್ನೂ ನೆನೆದೆನು. ಮೂವತ್ತು ವರ್ಷಗಳ ಹಿಂದೆ ಅವನು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿದ್ದನು. ತಂದೆಯಿಲ್ಲದ ಹುಡುಗ, ಬೆಳಿಗ್ಗೆಯೂ ಸಂಜೆಯೂ ಸೈಕಲ್ ಷಾಪಿನಲ್ಲಿ ದುಡಿದು, ಕೈಯಲ್ಲಿ ಸಲ್ಯೂಷನ್ನಿನ ವಾಸನೆಯೊಡನೆ ತಡವಾಗಿ ಬರುತ್ತಿದ್ದನು. ಒಂದು ದಿನ ರಾಮಶಬ್ದದ ತೃತೀಯಾ ವಿಭಕ್ತಿಯನ್ನು ಕೇಳಿದೆನು. ಅವನು ನಿಂತೇ ಇದ್ದನು. “ಸೈಕಲ್ಲಿಗೆ ಗಾಳಿ ಹೊಡೆಯುವವನಿಗೆ ಸಂಸ್ಕೃತ ಏಕೆ? ಗಾಳಿ ಹೊಡೆಯುವುದಕ್ಕೂ ಲೆಕ್ಕ ಬೇಕು. ಅದೂ ನಿನ್ನಿಂದಾಗದು” ಎಂದೆನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆ ವರ್ಷದ ಪರೀಕ್ಷೆಗೆ ಅವನು ಕೂರಲಿಲ್ಲ. ನನ್ನ ಮಾತಿನಿಂದಲೇ ಬಿಟ್ಟನೋ, ಮನೆಯ ಬಡತನದಿಂದ ಬಿಟ್ಟನೋ, ನಾನು ವಿಚಾರಿಸಲಿಲ್ಲ. ಮೇಷ್ಟರುಗಳಾದ ನಾವು ಹುಡುಗರ ತಪ್ಪುಗಳನ್ನು ಕೆಂಪು ಮಸಿಯಲ್ಲಿ ಗುರುತಿಸುತ್ತೇವೆ. ನಮ್ಮದನ್ನು ಗುರುತಿಸಲು ಯಾವ ಮಸಿಯನ್ನೂ ಸರ್ಕಾರ ಕೊಟ್ಟಿಲ್ಲ.

ಬೆಳಗಾಗುತ್ತಲೇ ಅಂಗಡಿಗೆ ಹೋದೆನು. ಹಳೆಯ ಮಾತನ್ನು ಎತ್ತುವ ಧೈರ್ಯ ಬರಲಿಲ್ಲ. ಅದರ ಬದಲಿಗೆ, “ನನಗೆ ಈ ವಿದ್ಯೆಯನ್ನು ಸ್ವಲ್ಪ ಹೇಳಿಕೊಡಪ್ಪಾ” ಎಂದೆನು. ಅವನು ಸ್ಟೂಲು ಹಾಕಿ ಕೂರಿಸಿ ಹೇಳಿದ ಪಾಠವನ್ನು, ಮನೆಯಲ್ಲಿ ಯಾವ ಕಾರಿರುವವರಿಗೂ ಉಪಯೋಗವಾದೀತೆಂದು ಸಂಗ್ರಹಿಸುತ್ತೇನೆ.

ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಬೇಕು. ಎಂದರೆ ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು. ಓಡಿದ ಟೈರಿನಲ್ಲಿ ಗಾಳಿ ಕಾದು ಒತ್ತಡ ಏರಿರುವುದು. ಹತ್ತು ಡಿಗ್ರಿ ಉಷ್ಣಕ್ಕೆ ಸುಮಾರು ಒಂದೂವರೆ ಪೌಂಡಿನಷ್ಟು. ಹಾಗೆ ಏರಿದ್ದನ್ನು ಹೆಚ್ಚಾಯಿತೆಂದು ಇಳಿಸಿದರೆ, ಆರಿದ ಮೇಲೆ ಕಡಮೆಯಾಗುವುದು. ಯಾವ ತೂತೂ ಇಲ್ಲದ ಟೈರೂ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿಯನ್ನು ಕಳೆದುಕೊಳ್ಳುವುದುಂಟು. ಆದುದರಿಂದ ತಿಂಗಳಿಗೊಮ್ಮೆಯಾದರೂ ನೋಡಬೇಕು. ಅಂಕಿಯನ್ನು ಅಂಗಡಿಯವನ ಬಾಯಿಂದ ಕೇಳಬಾರದು, ಬಾಗಿಲಿನ ಚೀಟಿಯಲ್ಲಿ ಓದಬೇಕು. ಗಾಳಿ ಕಡಮೆಯಾದರೆ ಟೈರು ಎರಡು ಅಂಚುಗಳಲ್ಲಿ ಸವೆಯುವುದು, ಹೆಚ್ಚಾದರೆ ನಡುವೆ ಸವೆಯುವುದು, ಚಕ್ರ ವಾಲಿದ್ದರೆ ಒಂದೇ ಅಂಚಿನಲ್ಲಿ. ಸವೆತವನ್ನು ಓದಬಲ್ಲವನಿಗೆ ಟೈರೇ ತನ್ನ ರೋಗವನ್ನು ಹೇಳುವುದು. ಗೀರುಗಳ ನಡುವೆ ಅಡ್ಡಲಾಗಿ ಚಿಕ್ಕ ದಿಬ್ಬಗಳಿರುವುವು. ಅವುಗಳ ಮಟ್ಟಕ್ಕೆ ಮೇಲ್ಮೈ ಸವೆದಾಗ ಉಳಿಯುವ ಆಳ 1.6 ಮಿಲಿಮೀಟರು. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಟೈರಿಗೆ ಜಾತಕವೂ ಉಂಟು: ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕಂಕಿಗಳಲ್ಲಿ ಮೊದಲೆರಡು ಹುಟ್ಟಿದ ವಾರ, ಉಳಿದೆರಡು ವರ್ಷ. 2319 ಎಂದರೆ 2019ನೆಯ ಇಸವಿಯ ಇಪ್ಪತ್ತಮೂರನೆಯ ವಾರ. ಓಡದೆ ನಿಂತರೂ ರಬ್ಬರು ಮುದಿಯಾಗುವುದು. ಷೆಡ್ಡಿನಲ್ಲಿಟ್ಟು ವಾರಗಟ್ಟಲೆ ಮುಟ್ಟದ ಕಾರಿಗೆ ಈ ಮಾತು ಹೆಚ್ಚು ಅನ್ವಯಿಸುವುದು. ಬ್ರೇಕಿನ ಎಣ್ಣೆಯೂ ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ಗಾಡಿ ಓಡಿರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಮನೆಗೆ ಬಂದು ನಾನೂ ಒಂದು ಲೆಕ್ಕ ಹಾಕಿದೆನು. ಇಬ್ಬರು ಕುಳಿತ ಆ ಕಾರಿನ ಭಾರದಲ್ಲಿ ಹಿಂದಿನ ಒಂದೊಂದು ಚಕ್ರದ ಪಾಲಿಗೆ ಸುಮಾರು ಸಾವಿರ ಪೌಂಡು. ಅದನ್ನು 39ರಿಂದ ಭಾಗಿಸಿದರೆ ಇಪ್ಪತ್ತಾರು ಚದರ ಅಂಗುಲ. ಎಂದರೆ ಅಷ್ಟು ಬೆಲೆಯ, ಅಷ್ಟು ವೇಗದ ಆ ಕಾರಿನ ಒಂದು ಚಕ್ರ ಭೂಮಿಯನ್ನು ಮುಟ್ಟುವುದು ಹೆಚ್ಚುಕಡಮೆ ನನ್ನ ಒಂದು ಹಸ್ತದಷ್ಟು ಜಾಗದಲ್ಲಿ! ನನ್ನ ಮೊಮ್ಮಗಳು ಆ ನಾಲ್ಕು ಹಸ್ತಗಳ ಮೇಲೆ ಕುಳಿತು ಬಂದಿದ್ದಳು.

ಗಾಳಿಯ ಟೈರಿನ ಹುಟ್ಟಿನಲ್ಲಿಯೂ ಒಂದು ಮಗುವಿನ ಕಥೆಯಿದೆ. ಸ್ಕಾಟ್ಲೆಂಡಿನ ಥಾಮ್ಸನ್ ಎಂಬುವನು 1845ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. 1887ರಲ್ಲಿ ಬೆಲ್‌ಫಾಸ್ಟ್ ನಗರದ ಡನ್‌ಲಪ್ ಎಂಬ ಪಶುವೈದ್ಯನು, ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ಕಂಡು, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದನು. ಒಬ್ಬ ತಂದೆ ಮಗನಿಗಾಗಿ ತುಂಬಿದ ಗಾಳಿ ಅದು. ನಮ್ಮ ಮನೆಯಲ್ಲಿಯೂ ಕುಲುಕಾಟಕ್ಕೆ ಗಾಳಿಯಿಂದಲೇ ಉಪಾಯ ಹುಡುಕಿದರು. ಆದರೆ ತುಂಬುವುದಕ್ಕೆ ಬದಲಾಗಿ ತೆಗೆದರು.

ಕಾನೂನನ್ನೂ ತಿರುವಿಹಾಕಿದೆನು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲನಿರ್ದೇಶಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುವುದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಇದನ್ನು ಮಗನಿಗೆ ಬರೆದು ಕಳುಹಿಸಿದೆನು. ಉತ್ತರ ಬರಲಿಲ್ಲ. ಆದರೆ ಹತ್ತು ದಿನಗಳಲ್ಲಿ ಒಂದು ಲಾರಿ ಬಂದು ಕಾರನ್ನು ಬೆನ್ನಮೇಲೆ ಹೊತ್ತುಕೊಂಡು ಹೋಯಿತು. ಮೂಲದ ಸ್ಪ್ರಿಂಗುಗಳು ಮರಳಿ ಬಂದವು, ಚಕ್ರಗಳ ಓರೆ ಸರಿಯಾಯಿತು, ನಾಲ್ಕು ಟೈರುಗಳೂ ಹೊಸವಾದವು.

ಒಂದೂವರೆ ತಿಂಗಳ ಮೇಲೆ ಮಗನು ಮತ್ತೆ ಬಂದನು. ಕಾರು ಒಂದೂಕಾಲು ಅಂಗುಲ ಎದ್ದು ನಿಂತಿತ್ತು. ಬೀದಿಯ ಹಂಪನ್ನು ಉಜ್ಜದೆ ದಾಟಿತು. ಹೊರಡುವ ಬೆಳಿಗ್ಗೆ ನಾನು ಹೇಳುವ ಮೊದಲೇ ಅವನು ಕಾರನ್ನು ಶಿಷ್ಯನ ಅಂಗಡಿಗೆ ತಿರುಗಿಸಿದನು. ಮಾಪಕವನ್ನು ತಾನೇ ಕೈಗೆ ತೆಗೆದುಕೊಂಡು ಮಂಡಿಯೂರಿದನು. ನನ್ನ ಮಗನು ಇನ್ನೊಬ್ಬರ ಮುಂದೆ ಅಷ್ಟು ಬಗ್ಗಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹಿಂದಿನ ಬಲಚಕ್ರದಲ್ಲಿ 38 ಬಂದಿತು. “ಒಂದು ಪೌಂಡು ತಾನೆ, ಇರಲಿ ಬಿಡಿ” ಎಂದನು.

“ಇರಲಿ ಅನ್ನಬಾರದು ಸಾರ್” ಎಂದು ಶಿಷ್ಯನು ನಕ್ಕು, ಕೊಳವೆಯನ್ನು ಹಚ್ಚಿದನು. “ಗಾಳಿ ಹೊಡೆಯುವುದಕ್ಕೂ ಲೆಕ್ಕ ಬೇಕು. ನಾನು ಸ್ಕೂಲಿನಲ್ಲಿದ್ದಾಗ ನಿಮ್ಮ ತಂದೆಯವರೇ ಹೇಳಿದ್ದು. ಆವತ್ತಿನಿಂದ ಮರೆತಿಲ್ಲ.”

ನಾನು ಅವನ ಮುಖವನ್ನು ನೋಡಿದೆನು. ಅದರಲ್ಲಿ ಚುಚ್ಚುವ ಭಾವ ಎಳ್ಳಷ್ಟೂ ಇರಲಿಲ್ಲ. ನಾನು ಆಡಿದ ಮಾತಿನಲ್ಲಿ ಅರ್ಧವನ್ನು ಇಟ್ಟುಕೊಂಡು, ಉಳಿದರ್ಧವನ್ನು ಅವನು ಎಲ್ಲಿಯೋ ಬಿಟ್ಟುಬಿಟ್ಟಿದ್ದನು. ಮರೆತೇ ಬಿಟ್ಟನೋ, ನನ್ನ ಮರ್ಯಾದೆಗಾಗಿ ಬಿಟ್ಟನೋ, ಹೇಳಲಾರೆ. ಮಗನು, “ಹೌದೇ ಅಪ್ಪ?” ಎಂದು ಕೇಳಿದನು. “ಹೌದು” ಎಂದೆನು. ಪೂರ್ತಿ ಹೇಳಲು ನಾಲಿಗೆ ಏಳಲಿಲ್ಲ.

ಆ ಉಳಿದರ್ಧವನ್ನು ಇಲ್ಲಿ ಬರೆದಿದ್ದೇನೆ. ಅವನ ಅಂಗಡಿಯಲ್ಲಿ ಪತ್ರಿಕೆಗಳನ್ನು ತರಿಸುವ ರೂಢಿಯಿಲ್ಲ. ಈ ಸಂಚಿಕೆ ಬಂದಾಗ ಒಂದು ಪ್ರತಿಯನ್ನು ನಾನೇ ತೆಗೆದುಕೊಂಡು ಹೋಗಿ ಕೊಡಬೇಕೆಂದಿದ್ದೇನೆ. ಅವನು ಓದುವವರೆಗೂ ಅಲ್ಲಿಯೇ ಕುಳಿತಿರುವೆನು.